ಫಕೀರವ್ವನ ಎರಡು ತಾಸು

ನಾನು ಒಂದು ಸರ್ವರ್. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡು ಹಳೆಯ ಕಂಪ್ಯೂಟರ್‌ಗಳ ಬಿಡಿಭಾಗ ಕೂಡಿಸಿ ನನ್ನನ್ನು ಕಟ್ಟಿದರು. ಹೊಸದೆಂದು ಹೇಳಿಕೊಳ್ಳಲು ನನ್ನಲ್ಲಿ ಇದ್ದದ್ದು ಫ್ಯಾನ್ ಒಂದೇ. ಆದರೂ ಗದಗಿನ ಒಂದು ವಾಚನಾಲಯಕ್ಕೆ ಬಂದ ದಿನ ಗ್ರಂಥಪಾಲಕಿ ಇಂದುಮತಿಬಾಯಿ ನನಗೆ ಕುಂಕುಮ ಹಚ್ಚಿದರು. ಅಂದಿನಿಂದಲೂ ಅವರೆಂದರೆ ನನಗೆ ಪ್ರೀತಿ.

ಅಲ್ಲಿ ಆರು ಕಂಪ್ಯೂಟರ್‌ಗಳಿದ್ದವು. ಓದುಗರು ಹೆಸರು, ಪಾಸ್‌ವರ್ಡ್ ಕೊಟ್ಟರೆ ನಾನು ಒಳಗೆ ಬಿಡಬೇಕು. ಒಬ್ಬರಿಗೆ ದಿನಕ್ಕೆ ಒಂದೇ ತಾಸು. ಐದು ನಿಮಿಷ ಮೊದಲು ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತಿದ್ದೆ. ಆಮೇಲೂ ಕುಳಿತವರನ್ನು ಮುಲಾಜಿಲ್ಲದೆ ಹೊರಹಾಕುತ್ತಿದ್ದೆ. ನಿವೃತ್ತ ಪೋಸ್ಟ್‌ಮನ್ ಅಂದಾನಪ್ಪನವರು, "ಇನ್ನೂ ಅರ್ಧ ನಿಮಿಷ ಐತಿ" ಎಂದು ಕೈಗಡಿಯಾರ ತೋರಿಸಿ ದಿನವೂ ಜಗಳ ತೆಗೆಯುತ್ತಿದ್ದರು. ನನ್ನ ಲೆಕ್ಕ ತಪ್ಪುತ್ತಿರಲಿಲ್ಲ. ಆ ಜಂಬ ನನಗೂ ಇತ್ತು.

ಆಗ ಫಕೀರವ್ವ ಬಂದಳು. ಹುಟ್ಟಿನಿಂದ ಕಣ್ಣು ಕಾಣದವಳು. ಪರದೆಯಲ್ಲಿರುವುದನ್ನು ಓದಿ ಹೇಳುವ ದನಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತ, ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಅರ್ಜಿ ತುಂಬತೊಡಗಿದಳು. ಉದ್ದನೆಯ ಅರ್ಜಿ. ಅರ್ಧಕ್ಕೆ ನಿಂತರೆ ಎಲ್ಲ ಅಳಿಸಿಹೋಗುತ್ತಿತ್ತು. ಮೊದಲ ದಿನ ತಾಸಾಯಿತು, ಹೊರಹಾಕಿದೆ. ಮರುದಿನವೂ ಹೊರಹಾಕಿದೆ. ಎಚ್ಚರಿಸಿದರೂ ಏಳದ ಹಟಮಾರಿ ಎಂದುಕೊಂಡೆ.

ಮೂರನೆಯ ದಿನ ಅರ್ಜಿಗೆ ಕೊನೆಯ ದಿನ. ತಮ್ಮ ಪಾಳಿಗಾಗಿ ಅವಳ ಹಿಂದೆ ನಿಂತಿದ್ದ ಅಂದಾನಪ್ಪನವರು ಪರದೆಯತ್ತ ಬಗ್ಗಿದರು.

"ಯವ್ವಾ, ಐದ ನಿಮಿಷ ಉಳದಾವ. ಕೆಂಪ ಅಕ್ಷರದಾಗ ಬರದೈತಿ."

"ಬರದೈತ್ರೀ? ಇದು ಓದಿ ಹೇಳಲೇ ಇಲ್ರಿ ಕಾಕಾ! ಇನ್ನೂ ಅರ್ಧಾ ಅರ್ಜಿ ಐತ್ರಿ."

ನನಗೆ ನಾಚಿಕೆಯಾಯಿತು. ಕಣ್ಣು ಕಾಣದವಳಿಗೆ ಮೂರು ದಿನ ಬರೆದು ತೋರಿಸಿದ್ದೆ.

"ಬಾಯಾರ, ನನ್ನ ತಾಸು ಈಕಿಗೆ ಕೊಡ್ರಿ" ಎಂದು ಅಂದಾನಪ್ಪನವರು ಕೂಗಿದರು.

"ಹಂಗ ಕೊಡಾಕ ಬರೂದಿಲ್ರಿ. ಅದು ಹೆಸರು ನೋಡಿ ಎಣಸ್ತೈತಿ."

"ಹಂಗ ಎಣಸಂತ ಅದಕ್ಕ ಹೇಳಿದವರು ಯಾರು? ನೀವ ಅಲ್ಲೇನ್ರಿ?"

ಇಂದುಮತಿಬಾಯಿ ನನ್ನ ಮುಂದೆ ಬಂದು ಕುಳಿತರು. ಫಕೀರವ್ವನ ಹೆಸರಿನ ಮುಂದಿದ್ದ ಅರವತ್ತು ನಿಮಿಷವನ್ನು ನೂರಿಪ್ಪತ್ತು ಮಾಡಿದರು. ಅಷ್ಟು ಹಿತವಾದ ಅಪ್ಪಣೆ ನನಗೆ ಎಂದೂ ಬಂದಿರಲಿಲ್ಲ. ಮುಕ್ಕಾಲು ತಾಸಿನಲ್ಲಿ ಅರ್ಜಿ ಹೋಯಿತು. ಅಂದು ಅವಳೇ ಲಾಗ್ ಔಟ್ ಮಾಡಿ ಎದ್ದಳು. ಮುಂದಿನ ವಾರ ನನ್ನ ಎಚ್ಚರಿಕೆಗೆ ದನಿಯೂ ಬಂತು.

ಈಗ ನನಗೆ ವಯಸ್ಸಾಯಿತು. ಮೊನ್ನೆ ಹೊಸ ಸರ್ವರ್ ಬಂತು. ನನ್ನೊಳಗಿನ ಹೆಸರುಗಳನ್ನು ಅದಕ್ಕೆ ದಾಟಿಸುತ್ತಿದ್ದ ಮೆಕ್ಯಾನಿಕ್ ತಡೆದು ಕೇಳಿದ:

"ಮೇಡಂ, ಈ ಒಂದ ಹೆಸರಿಗೆ ಎರಡ ತಾಸು ಐತ್ರಿ. ಇವ್ರು ನಾಕು ವರ್ಷದಿಂದ ಬಂದೂ ಇಲ್ಲ. ತಗೀಲ್ರೀ?"

"ಎಲ್ಲಿಂದ ಬರ್ತಾಳಪಾ, ದವಾಖಾನಿ ಫೋನು ಬಿಟ್ಟು ಏಳಾಕ ಆಕಿಗೆ ಪುರಸೊತ್ತಿಲ್ಲ" ಎಂದು ಇಂದುಮತಿಬಾಯಿ ನಕ್ಕರು. "ತಗೀಬ್ಯಾಡ. ಹಂಗ ಇರಲಿ."

ಹಳೆಯ ಪತ್ರಿಕೆಗಳ ಕಪಾಟಿನ ಕೆಳಗೆ ಈಗ ಸುಮ್ಮನಿದ್ದೇನೆ. ಹೊತ್ತಿಗೆ ಸರಿಯಾಗಿ ಸಾವಿರಾರು ಜನರನ್ನು ಎಬ್ಬಿಸಿದ್ದೇನೆ. ಕೂತಿರಲಿ ಎಂದು ಬಿಟ್ಟದ್ದು ಒಬ್ಬಳನ್ನೇ. ಇಷ್ಟು ವರ್ಷ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅವಳ ಹೆಸರನ್ನೇ.