ಮೂಡ್ ಬಂದರೆ ಮಾತ್ರ ತೆರೆಯುವ ಬಾಗಿಲು

ಇದು ನಿಜವಾಗಿ ನಡೆದದ್ದು. ಉಪ್ಪುಖಾರ ಹಚ್ಚದೆ ಹೇಳುತ್ತೇನೆ. ನನ್ನ ನಾಲಿಗೆಗೆ ಅದು ಕಷ್ಟ, ಆದರೂ.

ಮಾವ, ಅಂದರೆ ಅಪ್ಪನ ತಂಗಿಯ ಗಂಡ, ಲಿಫ್ಟ್ ಇಂಜಿನಿಯರ್. ಒಳಗೆ ಯಾರೂ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಊರಿಗೆಲ್ಲ ಲಿಫ್ಟ್ ಕೊಟ್ಟ ಮನುಷ್ಯ, ತಮ್ಮ ಹಳೇ ಕಾರಿನಲ್ಲಿ ಮಾತ್ರ ಒಬ್ಬರಿಗೂ ಲಿಫ್ಟ್ ಕೊಡಲಿಲ್ಲ. ಗುಜರಿಯಿಂದ ತಂದ ಆ ಕಾರಿನ ತುಕ್ಕು ಕೆರೆದು, ಸೀಟು ಹೊಲಿದು, ಹೊಳಪು ಕೊಡುವುದರಲ್ಲೇ ಅವರ ಭಾನುವಾರಗಳು ಸವೆದವು. ಬಾಗಿಲುಗಳಿಗೆ ಒಳಗಿನ ಹ್ಯಾಂಡಲ್ ಮಾತ್ರ ಹಾಕಲೇ ಇಲ್ಲ. "ಆ ಕಾಲದ್ದೇ ಸಿಗಲಿ" ಎನ್ನುತ್ತಿದ್ದರು.

ಅತ್ತೆ ಮುನಿಸಿಕೊಂಡಾಗೆಲ್ಲ "ಬಾರೇ, ಹೊಸ ಸೀಟು ನೋಡು" ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ. ಬಾಗಿಲು ಬಿತ್ತೋ, ಮುಗೀತು. "ನಾನೇನ್ ಮಾಡ್ಲಿ? ಗಾಡಿಗೆ ಮೂಡ್ ಬರ್ಬೇಕು!" ಅತ್ತೆ ಬೈದು, ಅತ್ತು, ಕೊನೆಗೆ ನಕ್ಕರೆ, ಟಕ್ ಎಂದು ತೆರೆಯುತ್ತಿತ್ತು.

ಮಾವ ಹೋದ ಮೇಲೆ ಕಾರು ಮ್ಯೂಸಿಯಂ ಪಾಲಾಗುವುದೆಂದಾಯಿತು. ಲಾರಿ ಬರುವ ಹಿಂದಿನ ದಿನ ಅತ್ತೆ ಕಾರಿನ ಶೆಡ್ಡಿಗೆ ಬಂದು, "ಒಂದ್ಸಲ ಕೂತ್ಕೋತೀನಿ ಕಣೋ" ಎಂದರು. ಕೂತವರು ಅಭ್ಯಾಸಬಲದಿಂದ ಬಾಗಿಲೆಳೆದುಕೊಂಡರು. ಮಾವನ ಸೀಟಿನಲ್ಲಿದ್ದ ನಾನೂ ಮಹಾ ಶೋಕಿಯಿಂದ ನನ್ನ ಕಡೆಯದನ್ನು ಎಳೆದೆ.

ಟಕ್. ಟಕ್.

ಫೋನು, ಅತ್ತೆಯ ಉಬ್ಬಸದ ಇನ್‌ಹೇಲರು, ಎರಡೂ ಅಡುಗೆಮನೆಯಲ್ಲಿ. ಕಿಟಕಿ ಇಳಿಯುವುದಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ತೊಗಲು, ಪಾಲಿಶುಗಳ ಬಿಸಿ ವಾಸನೆ ಮೂಗಿಗೆ ಅಡರಿತು. ಅತ್ತೆಯ ಎದೆ ಸಿಳ್ಳೆ ಹಾಕತೊಡಗಿತು. ನಾನು ಕಿಟಕಿಗೆ ಮೊಣಕೈ ಎತ್ತಿದೆ.

"ಗಾಜು ಮುಟ್ಟಿದ್ಯೋ, ಕೈ ಮುರೀತೀನಿ! ಅದಕ್ಕೆ ನಿಮ್ಮ ಮಾವ ಎಷ್ಟು ಚಪ್ಪಲಿ ಸವೆಸಿದಾರೆ ಗೊತ್ತಾ?"

"ನೀವು ಉಸಿರಾಡೋದು ಬೇಡ್ವಾ ಅತ್ತೆ?"

ಅತ್ತೆ ಸ್ಟಿಯರಿಂಗ್ ಕಡೆ ತಿರುಗಿದರು. "ಆಯ್ತು ರೀ. ಹೇಳ್ದೆ ಕೇಳ್ದೆ ಹೋದ್ರಲ್ಲ, ಆ ಕೋಪಾನೂ ಬಿಟ್ಟೆ. ತೆಗೀರಿ."

ಬಾಗಿಲು ಮಿಸುಕಲಿಲ್ಲ. ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು. ಹೆದರಿಕೆಗೆ ನನ್ನ ಹಾಳು ಮಿಮಿಕ್ರಿ ಬಾಯಿಗೆ ಬಂತು. "ನಾನೇನ್ ಮಾಡ್ಲಿ? ಗಾಡಿಗೆ..." ದನಿಯ ಹಿಂದೆಯೇ ಮಾವನ ಭಂಗಿಯೂ ಬಂತು: ಬೆನ್ನು ಒರಗಿಸಿ, ಬಲಗೈ ಸ್ಟಿಯರಿಂಗ್ ಮೇಲೆ, ಎಡಗೈ ಸೀಟಿನ ಕೆಳಗೆ ಜೋತು.

ಬೆರಳಿಗೆ ಏನೋ ತಗುಲಿತು. ತಂತಿಯ ತುದಿಗೊಂದು ಪುಟ್ಟ ಉಂಗುರ, ಬೆರಳಾಡಿ ಬೆರಳಾಡಿ ನುಣ್ಣಗಾಗಿತ್ತು. ಎಳೆದೆ.

ಟಕ್. ಅತ್ತೆಯ ಬಾಗಿಲು ತೆರೆಯಿತು.

ಅತ್ತೆ ಗಾಳಿ ಎಳೆದುಕೊಂಡರು. ಬಗ್ಗಿ ಉಂಗುರ ನೋಡಿದರು. ತಾವೇ ಒಮ್ಮೆ ಎಳೆದರು. ಬಾಗಿಲಿನ ಚಿಲಕ ವಿಧೇಯವಾಗಿ ಆಡಿತು.

"ಮೂಡ್ ಅಂತೆ, ಮೂಡು! ಅಯ್ಯೋ ಕಳ್ಳ!"

ನಾನು ಅತ್ತೆಯನ್ನು ದಾಟಿ ಅದೇ ಬಾಗಿಲಿನಿಂದ ನುಸುಳಿ ಇನ್‌ಹೇಲರ್ ತರಲು ಓಡಿದೆ. ಹಿಂದಿನಿಂದ, ಎದೆಯ ಸಿಳ್ಳೆಯನ್ನೂ ಮುಳುಗಿಸಿ, ಅತ್ತೆಯ ನಗು ಶೆಡ್ಡಿನ ತಗಡನ್ನೇ ಅದುರಿಸುತ್ತಿತ್ತು.