ತಲುಪಿಸುವ ವಿಳಾಸ

ಸದಾ ಮಫ್ಲರ್ ಸುತ್ತಿಕೊಂಡಿರುತ್ತಿದ್ದ ಹಳೆಯ ಕೆಲಸಗಾರ, ಎಲ್ಲರ ಮಫ್ಲರ್ ತಾತ, ಸತ್ತದ್ದು ಕೋಲ್ಡ್ ಸ್ಟೋರೇಜಿನ ನಾಲ್ಕನೇ ಕೋಣೆಯಲ್ಲಿ. ಬಾಗಿಲಿನ ಒಳಹಿಡಿ ಮಂಜುಗಟ್ಟಿ ತಿರುಗದೆ ಹೋದಾಗ ಅವರು ಅಪಾಯದ ಹಗ್ಗ ಎಳೆದಿದ್ದರು. ಹಗ್ಗ ಎಳೆದರೆ ಗೋಡೆಯ ಪೆಟ್ಟಿಗೆಯಿಂದ ಕಚೇರಿಗೆ ಇಮೇಲ್ ಹೋಗುತ್ತದೆ. ಅಂದೂ ಹೋಯಿತು. ಅದರ ತಲೆಯಲ್ಲಿ, ಯಾರಿಗೆ ಎಂಬ ಸಾಲಿನಲ್ಲಿ, ಫೋರ್‌ಮನ್ ವಿಳಾಸವಿತ್ತು. ಲೆಕ್ಕ ವಿಭಾಗದ ಮೂವರು ಅದನ್ನು ಓದಿದರು. ಫೋರ್‌ಮನ್ ಹೋಗುತ್ತಾರಲ್ಲ ಎಂದುಕೊಂಡು ಮೂವರೂ ತಮ್ಮ ಕೆಲಸ ಮುಂದುವರಿಸಿದರು. ಅವರಲ್ಲಿ ಒಬ್ಬಳು ಫೋರ್‌ಮನ್ ಹೆಂಡತಿ.

ತನಗೆ ಇಮೇಲ್ ಬರಲೇ ಇಲ್ಲ ಎಂದು ಫೋರ್‌ಮನ್ ಹೇಳುತ್ತಲೇ ಬಂದ. ಹೆಂಡತಿಯೂ ನಂಬಲಿಲ್ಲ. ಹೀಗೇ ಕೆಲವು ದಿನ ಕಳೆದು, ಮರುದಿನ ಅವನನ್ನು ಕೆಲಸದಿಂದ ತೆಗೆಯುವುದೆಂದು ನಿರ್ಧಾರವಾಗಿತ್ತು.

ಸಂಸ್ಥೆಯ ಇಮೇಲ್ ಸರ್ವರ್ ನೋಡಿಕೊಳ್ಳುವವಳು ಫೋರ್‌ಮನ್ ಹೆಂಡತಿಯ ತಂಗಿ. ಹೆರಿಗೆ ರಜೆ ಮುಗಿಸಿ ಅಂದು ಬೆಳಿಗ್ಗೆಯಷ್ಟೇ ಬಂದಿದ್ದಳು. ಊಟದ ಬಿಡುವಿನಲ್ಲಿ ಅಕ್ಕನನ್ನು ಸರ್ವರ್ ಕೋಣೆಗೆ ಕರೆದಳು.

"ಒಂದು ಪ್ರಶ್ನೆ ಕೇಳ್ತೀನಿ. ಲಕೋಟೆ ಮೇಲೆ ನನ್ನ ವಿಳಾಸ ಬರೆದು, ಒಳಗಿನ ಕಾಗದದಲ್ಲಿ ಭಾವನ ಹೆಸರು ಬರೆದ್ರೆ ಅಂಚೆಯವನು ಎಲ್ಲಿಗೆ ತರ್ತಾನೆ?"

"ನಿಮ್ಮನೆಗೆ. ಅವನೇನು ಒಡೆದು ಓದ್ತಾನಾ?"

"ಸರ್ವರ್ರೂ ಓದಲ್ಲ. ನಿಂಗೆ ಕಾಣಿಸೋ ಹೆಸರು ಕಾಗದದ್ದು. ತಲುಪಿಸೋ ವಿಳಾಸ ಬೇರೆ ಇರುತ್ತೆ, ನಿಂಗೆ ಕಾಣಲ್ಲ. ಆ ಗೋಡೆ ಪೆಟ್ಟಿಗೆ ಕೂರಿಸಿದೋನು ಭಾವನ ಹೆಸರನ್ನ ಕಾಗದದಲ್ಲಿ ಮಾತ್ರ ಹಾಕಿದ್ದಾನೆ. ಇಲ್ನೋಡು, ತಲುಪಿಸಿದ್ದು ಮೂರೇ ವಿಳಾಸಕ್ಕೆ."

ಅಕ್ಕ ಪರದೆ ನೋಡಿದಳು. ಮೂರರಲ್ಲಿ ಒಂದು ಅವಳದೇ.

"ಹಾಗಾದ್ರೆ ತಾತ ಕೂಗಿದ್ದು ಕೇಳಿಸಿದ್ದು ನಮ್ಮ ಮೂವರಿಗೇ."

"ಮೊದ್ಲು ಭಾವಂಗೆ ಹೇಳೋಣ ಬಾ. ನೀನು ಮಾತು ಬಿಟ್ಟು ಅವರು ಅರ್ಧ ಆಗಿದ್ದಾರೆ. ಎಲ್ಲಿದ್ದಾರೆ?"

"ಸಾಮಾನು ಒಪ್ಪಿಸ್ಬೇಕಂತೆ. ಒಳಗೆಲ್ಲೋ ಮೂಟೆ ಎಣಿಸ್ತಿರ್ತಾರೆ."

ಆಗ ತಂಗಿಯ ಪರದೆಯಲ್ಲಿ ಹೊಸ ಇಮೇಲ್ ಮೂಡಿತು. ನಾಲ್ಕನೇ ಕೋಣೆ, ಒಳಗಿನಿಂದ ಹಗ್ಗ ಎಳೆಯಲಾಗಿದೆ. ಯಾರಿಗೆ ಎಂಬಲ್ಲಿ ಭಾವನ ವಿಳಾಸ. ತಂಗಿಯ ಹೆಸರು ಎಲ್ಲೂ ಇರಲಿಲ್ಲ.

"ಆ ಗೋಡೆ ಪೆಟ್ಟಿಗೇನ ಹಗ್ಗದ ಸಮೇತ ತನಿಖೆಯವರು ಕಿತ್ಕೊಂಡು ಹೋದ್ರಲ್ಲೇ," ಎಂದಳು ಅಕ್ಕ. "ಹೊಸದು ಇನ್ನೂ ಹಾಕಿಲ್ಲ."

ತಂಗಿ ಆಗಲೇ ಬಾಗಿಲು ದಾಟಿದ್ದಳು.

ನಾಲ್ಕನೇ ಕೋಣೆಯ ಬಾಗಿಲನ್ನು ಇಬ್ಬರೂ ಸೇರಿ ಹೊರಗಿನಿಂದ ಎಳೆದು ತೆರೆದರು. ಹೊಸ್ತಿಲಿನಲ್ಲೇ ಭಾವ ಮುದುಡಿ ಕುಳಿತಿದ್ದ. ತುಟಿ ನೀಲಿಗಟ್ಟಿತ್ತು, ಹಿಡಿಗೆ ಗುದ್ದಿ ಗುದ್ದಿ ಕೈ ಒಡೆದಿತ್ತು. ಹೊರಗೆಳೆದು ಕಂಬಳಿ ಹೊದಿಸಿದರು. ಅಕ್ಕ ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

"ನಿಮಗೆ ಇಮೇಲ್ ಬಂದೇ ಇರ್ಲಿಲ್ಲ ಕಣ್ರೀ," ಎಂದಳು.

"ಅದನ್ನೇ ತಾನೆ ಬಾಯಿ ಬಡ್ಕೊಂಡಿದ್ದು," ಎಂದ ಅವನು, ಹಲ್ಲು ಕಟಕಟ ಅನ್ನುತ್ತಿರಲು. ನಗಲು ನೋಡಿದ, ಆಗಲಿಲ್ಲ.

"ಹಗ್ಗ ಎಳೆದಿದ್ದು ಒಳ್ಳೇದಾಯ್ತು ಭಾವ," ಎಂದಳು ತಂಗಿ.

"ಯಾವ ಹಗ್ಗ? ಅಲ್ಲಿ ಮೊಳೆ ತೂತು ಬಿಟ್ರೆ ಏನಿದೆ?"

ಡಾಕ್ಟರು ಬಂದು ಅವನನ್ನು ಕರೆದೊಯ್ದರು. ಜೊತೆಗೆ ಹೊರಟ ಅಕ್ಕ ಬಾಗಿಲಲ್ಲೇ ತಿರುಗಿ ಸರ್ವರ್ ಕೋಣೆಗೆ ಬಂದಳು. ತಂಗಿ ಆ ಇಮೇಲಿನ ದಾಖಲೆ ತೆರೆದು ಕೂತಿದ್ದಳು. ಕಳುಹಿಸಿದ್ದು ನಾಲ್ಕನೇ ಕೋಣೆಯಿಂದ ಕಿತ್ತೊಯ್ದಿದ್ದ ಅದೇ ಪೆಟ್ಟಿಗೆ. ತಲುಪಿಸುವ ವಿಳಾಸ ಒಂದೇ ಇತ್ತು, ತಂಗಿಯದು. ಅದನ್ನು ಆ ಪೆಟ್ಟಿಗೆಗೆ ಯಾರೂ ಎಂದೂ ಸೇರಿಸಿರಲಿಲ್ಲ.

"ನಂದು ಇದ್ಯಾ?" ಎಂದು ಅಕ್ಕ ಕೇಳಿದಳು.

ತಂಗಿ ಪರದೆಯನ್ನು ಅವಳತ್ತ ತಿರುಗಿಸಿದಳು. ಅಕ್ಕನ ವಿಳಾಸ ಇರಲಿಲ್ಲ. ತಾತ ಹಗ್ಗ ಎಳೆದ ದಿನ ಇಮೇಲ್ ಓದಿ ಕೂತಲ್ಲೇ ಕೂತಿದ್ದ ಉಳಿದಿಬ್ಬರದೂ ಇರಲಿಲ್ಲ.