ಕುಡಿಯಬಾರದಿದ್ದ ಕಾಫಿ

"ಮಾತು ಚಿಕ್ಕದಾಗಿರ್ಲಿ ರೀ," ಎಂದಳು ನಜಾಹ್, ಗಂಡನ ತಲೆವಸ್ತ್ರದ ಮಡಿಕೆ ಸರಿಮಾಡುತ್ತ. "ನಿಮಗೆ ಒಂದು ಲೋಟ ನೀರು ಕೇಳೋಕೂ ಪೀಠಿಕೆ ಬೇಕು. ಹೆಣ್ಣಿನ ಕಡೆಯವರು ರಮ್ಥಾದ ಜನ. ಅರ್ಧ ಭಾಷಣಕ್ಕೇ ಎದ್ದು ಊಟಕ್ಕೆ ಹೋಗ್ತಾರೆ. ಆಮೇಲೆ, ಹುಡುಗಿ ಅಜ್ಜ ಹಾಜಿ ಬಾಯಲ್ಲಿ 'ಕಾಫಿ ಕುಡೀರಿ' ಅಂತ ಬರೋವರೆಗೂ ಬಟ್ಟಲು ಮುಟ್ಟಬೇಡಿ."

"ನಮ್ಮ ಪದ್ಧತಿ ಗೊತ್ತಿಲ್ದೆ ಇರೋಕೆ ನಾನೇನು ಸ್ವೀಡನ್ನಿಂದ ಬಂದವನಾ?" ಎಂದು ಗಾಲಿಬ್ ರೇಗಿದ.

ಗಾಲಿಬ್ ಜೋರ್ಡಾನಿನ ನಿವೃತ್ತ ರಾಯಭಾರಿ. ನದಿಯ ನೀರು, ಗಡಿ ದಾಟುವ ಲಾರಿಗಳ ಸುಂಕ, ಇಬ್ಬರು ಮಂತ್ರಿಗಳ ನಡುವಿನ ಮುನಿಸು ಎಂದು ಅರಬ್ ದೇಶಗಳ ಸಭೆಗಳಲ್ಲಿ ಅವನು ಮಾತಾಡದ ವಿಷಯವಿರಲಿಲ್ಲ. ಅವನು ಮಾತಾಡಿದ್ದರಿಂದ ಇತ್ಯರ್ಥವಾದ ವಿಷಯವೂ ಇರಲಿಲ್ಲ. ಇದನ್ನು ಮೊದಲು ಹೇಳಿದವನೂ ಅವನೇ. ಹಾಗೆ ಹೇಳಿ ನಗಿಸುತ್ತಿದ್ದ. ಆದರೆ ಜೀವಮಾನದಲ್ಲಿ ಒಂದಾದರೂ ಮಾತುಕತೆ ಮುಗಿದು, ಎರಡೂ ಕಡೆಯವರು ನಗುತ್ತ ಎದ್ದು ಹೋದದ್ದನ್ನು ನೋಡಬೇಕೆಂಬ ಆಸೆ ಅವನಿಗೆ ಉಳಿದೇ ಇತ್ತು.

ಅದಕ್ಕೇ ಹಳೆಯ ಗೆಳೆಯ ಅಬು ಕುತೈಬಾ ಬಂದು, "ನನ್ನ ಮಗನಿಗೆ ಹೆಣ್ಣು ಕೇಳೋಕೆ ಹೋಗೋ ಹಿರಿಯರ ದಂಡಿಗೆ ನೀನೇ ಮುಖ್ಯಸ್ಥನಾಗ್ಬೇಕು," ಎಂದಾಗ ಕೂಡಲೇ ಒಪ್ಪಿದ್ದ. ಇಬ್ಬರೂ ಡಮಾಸ್ಕಸ್ಸಿನ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅಬು ಕುತೈಬಾನದು ಸಿರಿಯಾದ ದರಾ ಪಟ್ಟಣ. ಯುದ್ಧ ಶುರುವಾದಾಗ ಸಂಸಾರ ಸಮೇತ ಗಡಿ ದಾಟಿ ಜೋರ್ಡಾನಿಗೆ ಬಂದ. ಮಗ ಕುತೈಬಾ ಇಲ್ಲೇ ಓದಿದ, ಜೊತೆಯಲ್ಲಿ ಓದುತ್ತಿದ್ದ, ಗಡಿಯೂರು ರಮ್ಥಾದ ಹುಡುಗಿ ರುದೈನಾಳನ್ನು ಮೆಚ್ಚಿದ. ಗಡಿ ತೆರೆದ ಮೇಲೆ ಎಲ್ಲರೂ ದರಾಕ್ಕೆ ಮರಳಿ, ಮುರಿದ ಮನೆಗೆ ಸೂರು ಹೊದಿಸಿ, ಔಷಧದ ಅಂಗಡಿ ತೆರೆದಿದ್ದರು. ರಮ್ಥಾದ ತಾರಸಿ ಹತ್ತಿದರೆ ದರಾದ ದೀಪಗಳು ಕಾಣುತ್ತವೆ. ಆದರೂ ಅದು ಇನ್ನೊಂದು ದೇಶ.

ಸಾಮಾನ್ಯವಾಗಿ ಹಿರಿಯರ ದಂಡು ಹೋಗುವುದು ಬರೀ ಶಾಸ್ತ್ರಕ್ಕೆ. ಹೆಂಗಸರು ಮೊದಲೇ ಎಲ್ಲ ಗೊತ್ತುಮಾಡಿರುತ್ತಾರೆ. ಗಂಡಸರು ಹೋಗಿ ಗತ್ತಿನಿಂದ ಕೇಳಿದಂತೆ ಮಾಡುತ್ತಾರೆ, ಅವರು ಯೋಚಿಸಿದಂತೆ ಮಾಡಿ ಕೊಡುತ್ತಾರೆ. ಈ ಸಲ ಹಾಗಿರಲಿಲ್ಲ. ರುದೈನಾಳ ಅಜ್ಜ ಹಾಜಿ ಮಿಜ್ಹಿಮ್ ಹೆಂಗಸರಿಗೆ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. "ಹಿರಿಯರು ಬರ್ಲಿ. ಉತ್ತರ ಅಲ್ಲೇ ಕೊಡ್ತೀನಿ," ಎಂದಷ್ಟೇ ಹೇಳಿ ಕಳಿಸಿದ್ದರು.

ರಮ್ಥಾದಲ್ಲಿ ಹಾಜಿಯವರ ಕುಲದ ಚಾವಡಿ ತುಂಬಿತ್ತು. ಒಂದು ಗೋಡೆಗೆ ಹೆಣ್ಣಿನ ಕಡೆಯವರು, ಎದುರು ಗೋಡೆಗೆ ಗಂಡಿನ ಕಡೆಯವರು. ನಡುವೆ ಒಳಮನೆಯ ಬಾಗಿಲು ಬೆರಳಷ್ಟು ತೆರೆದಿತ್ತು. ಅದರ ಹಿಂದೆ ಪಿಸುಮಾತು, ಬಳೆಗಳ ಸದ್ದು. ಹಾಜಿಯವರ ತಮ್ಮನ ಮಗ ಮುತ್ಲಕ್ ಎದ್ದು ಗಾಲಿಬ್‌ಗೆ ಕಹಿ ಕಾಫಿ ಬಗ್ಗಿಸಿದ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಮೇಲೆ ಏಲಕ್ಕಿಯ ಘಮ. ಗಾಲಿಬ್ ಅದನ್ನು ತುಟಿಗೆ ಸೋಕಿಸದೆ ಮುಂದಿನ ಮಣೆಯ ಮೇಲಿಟ್ಟ.

"ಹಾಜಿ, ನಮ್ಮದೊಂದು ಬೇಡಿಕೆ ಇದೆ. ಅದು ಈಡೇರದೆ ನಿಮ್ಮ ಕಾಫಿ ಕುಡಿಯೋದಿಲ್ಲ."

ಚಾವಡಿ ತಲೆದೂಗಿತು. ಗಾಲಿಬ್ ಮಾತು ಶುರುಮಾಡಿದ. ಗಡಿ ಎನ್ನುವುದು ಯಾರೋ ನಕ್ಷೆಯ ಮೇಲೆ ಎಳೆದ ಗೆರೆ, ಎರಡೂ ಕಡೆ ಹಬ್ಬಿದ ನಮ್ಮ ಹೌರಾನ್ ಬಯಲಿನ ಗೋಧಿಗೆ ಆ ಗೆರೆ ಗೊತ್ತಿಲ್ಲ, ಎಂದ. ದರಾದಲ್ಲೂ ರಮ್ಥಾದಲ್ಲೂ ಒಂದೇ ಕುಲದವರು ಒಂದೇ ಬಗೆಯ ಕುರಿಮಾಂಸದ ಊಟ ಮಾಡುತ್ತೇವೆ, ಎಂದ. ಕಾಫಿಯ ಹಬೆ ನಿಂತಿತು. ಅಬು ಕುತೈಬಾ ಮೆಲ್ಲನೆ ಕೆಮ್ಮಿದ. ಗಾಲಿಬ್ ಹೆಂಡತಿಯ ಮಾತು ನೆನೆದು ಮುಗಿಸಿದ: "ನಿಮ್ಮ ರುದೈನಾಳನ್ನ ನಮ್ಮ ಕುತೈಬಾನಿಗೆ ಕೊಡಿ."

ಹಾಜಿ ಗಡ್ಡ ನೀವಿಕೊಂಡರು.

"ಹುಡುಗ ಒಳ್ಳೆಯವನು. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನನ್ನ ತಂಗಿ ವದ್ಹಾಳನ್ನೂ ದರಾಕ್ಕೇ ಕೊಟ್ಟಿದ್ವಿ. ಗಡಿ ಮುಚ್ಚಿತು. ಅವಳ ತಾರಸಿ ದೀಪ ಇಲ್ಲಿಂದ ನೋಡ್ತಿದ್ದೆ. ಗಡಿ ತೆಗೆದ್ಮೇಲೆ ಹೋದೆ. ಅವಳಿರ್ಲಿಲ್ಲ, ಗೋರಿ ಇತ್ತು." ಅವರು ಮುಂದಕ್ಕೆ ಬಾಗಿ, ಗಾಲಿಬ್‌ನನ್ನು ಅವನ ಹಿರಿಯ ಮಗನ ಹೆಸರಿನಿಂದ ಕರೆದರು. "ನೀವು ದೊಡ್ಡ ರಾಯಭಾರಿ. ಹೇಳಿ ಅಬು ಸುಹೈಲ್, ನಾಳೆ ಮತ್ತೆ ಮುಚ್ಚಿದ್ರೆ ನನ್ನ ಮೊಮ್ಮಗಳನ್ನ ನನಗೆ ಯಾರು ತೋರಿಸ್ತಾರೆ?"

ಗಾಲಿಬ್‌ನ ಬಳಿ ಇಂಥ ಪ್ರಶ್ನೆಗೆ ಒಂದು ಹಳೆಯ ಮದ್ದಿತ್ತು. ಸಭೆಯಲ್ಲಿ ಯಾರಾದರೂ ಉತ್ತರವಿಲ್ಲದ ಪ್ರಶ್ನೆ ಎಸೆದರೆ ಅವನು ಮುಂದಿದ್ದ ಬಟ್ಟಲನ್ನೆತ್ತಿ, ನಿಧಾನವಾಗಿ ಗುಟುಕರಿಸಿ, ಆ ಹೊತ್ತಿನಲ್ಲಿ ಹಾವೂ ಸಾಯದ ಕೋಲೂ ಮುರಿಯದ ಒಂದು ವಾಕ್ಯ ಹೊಂದಿಸಿಕೊಳ್ಳುತ್ತಿದ್ದ. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ತಲೆಯನ್ನು ಕೇಳದೆಯೇ ಮಾಡಿಬಿಡುತ್ತಿತ್ತು.

ಈಗಲೂ ಮಾಡಿಬಿಟ್ಟಿತು.

ಬಟ್ಟಲು ಕೆಳಗಿಟ್ಟಾಗಲೇ ಅವನಿಗೆ ಎಚ್ಚರವಾದದ್ದು. ಬಟ್ಟಲು ಬರಿದಾಗಿತ್ತು. ಒಳಬಾಗಿಲ ಹಿಂದೆ ಯಾರೋ "ಅಯ್ಯಯ್ಯೋ" ಎಂದರು.

"ಏನು ಮಾಡಿಬಿಟ್ಟೆಯೋ ಮಾರಾಯ!" ಎಂದ ಅಬು ಕುತೈಬಾ. ಕುತೈಬಾ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದ.

"ಉತ್ತರ ಬರೋ ಮುಂಚೆ ಕುಡಿದ್ರೆ ಬೇಡಿಕೆ ಕೈಬಿಟ್ಟ ಹಾಗೆ," ಎಂದ ಮುತ್ಲಕ್, ನಗು ತಡೆದುಕೊಂಡು. "ಪಾಪ, ಅಷ್ಟು ಹೊತ್ತು ಮಾತಾಡಿ ಬಾಯಾರಿರ್ಬೇಕು."

ಗಾಲಿಬ್‌ಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ನಾಲ್ಕಾರು ವಾಕ್ಯಗಳು ಹೊಳೆದವು. ಹಾಜಿಯವರ ಮುಖ ನೋಡಿದ. ಅವನ್ನೆಲ್ಲ ಬದಿಗಿಟ್ಟ.

"ಹಾಜಿ, ಉತ್ತರ ಗೊತ್ತಿಲ್ಲದಾಗ ಬಟ್ಟಲು ಎತ್ತೋದು ನನ್ನ ಚಟ. ಇವತ್ತೂ ಗೊತ್ತಿರ್ಲಿಲ್ಲ. ಗಡಿ ಮುಚ್ಚುತ್ತೋ ಇಲ್ವೋ ನಾನು ಹೇಳಲಾರೆ. ಮುಚ್ಚೋರು ನನ್ನ ಮಾತು ಯಾವತ್ತೂ ಕೇಳಿಲ್ಲ. ತಪ್ಪು ನನ್ನದು, ಹುಡುಗನ ಮೇಲೆ ಹಾಕ್ಬೇಡಿ."

ಹಾಜಿ ನೆಟ್ಟಗೆ ಕೂತರು.

"ಗಡಿ ಮುಚ್ಚಿದಾಗ ನೀವು ಟೀವಿಯಲ್ಲಿ ಬಂದು 'ಶೀಘ್ರದಲ್ಲೇ' ಅಂದ್ರಿ. ವದ್ಹಾಗೆ ಫೋನ್ ಮಾಡಿ ನಾನೂ ಹಾಗೇ ಅಂದೆ. ಪ್ರತಿ ವರ್ಷ 'ಶೀಘ್ರದಲ್ಲೇ'. ನಮ್ಮ ಕಡೆ ದೊಡ್ಡ ಮನುಷ್ಯನೊಬ್ಬ 'ಗೊತ್ತಿಲ್ಲ' ಅಂದದ್ದು ಇದೇ ಮೊದಲು." ಅವರು ಚಾವಡಿಯತ್ತ ತಿರುಗಿದರು. "ಏನ್ರಯ್ಯಾ, ಯಾಕೆ ಹೀಗೆ ಬಾಯಿ ಬಿಟ್ಕೊಂಡು ಕೂತಿದ್ದೀರಿ? ಇವರು ಕುಡಿಯೋ ಮೊದಲೇ ನಾನು ಹೂಂ ಅಂದಿರ್ಲಿಲ್ವಾ?"

ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ಚೇತರಿಸಿಕೊಂಡವನು ಮುತ್ಲಕ್. "ಅಂದ್ರಿ ದೊಡ್ಡಪ್ಪ! ನಾನು ಎರಡು ಸಲ ಕೇಳಿಸ್ಕೊಂಡೆ."

"ನಾನೂ ಕೇಳಿಸ್ಕೊಂಡೆ," ಎಂದರು ಗಂಡಿನ ಕಡೆಯ ಮುದುಕರೊಬ್ಬರು. ಅವರಿಗೆ ಕಿವಿಯೇ ಕೇಳುತ್ತಿರಲಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

"ನನಗೂ ಕೇಳಿಸ್ತು ಅಜ್ಜಾ!" ಬಾಗಿಲ ಹಿಂದಿನಿಂದ ರುದೈನಾಳ ದನಿ ಬಂತು. ಜೊತೆಗೇ ಹೆಂಗಸರೆಲ್ಲ ನಾಲಗೆ ಕುಣಿಸುತ್ತ ಕೇಕೆ ಹಾಕಿದ್ದರಿಂದ ಚಾವಡಿಯೆಲ್ಲ ಗೊಳ್ಳೆಂದು ನಕ್ಕಿತು.

ಆಡಿದ ಮಾತನ್ನು ಆಡಿಯೇ ಇಲ್ಲವೆಂದು ಸಾಧಿಸುವವರನ್ನು ಗಾಲಿಬ್ ಬೇಕಾದಷ್ಟು ಕಂಡಿದ್ದ. ಆಡದ ಮಾತನ್ನು ಆಡಿದ್ದೀರೆಂದು ಎರಡೂ ಕಡೆಯವರು ಒಟ್ಟಿಗೆ ಸಾಕ್ಷಿ ಹೇಳಿದ್ದನ್ನು ಮಾತ್ರ ಈಗಲೇ ಕಂಡದ್ದು.

"ಒಂದು ಷರತ್ತು," ಎಂದರು ಹಾಜಿ. "ಗಡಿ ಮತ್ತೆ ಮುಚ್ಚಿದ್ರೆ ನೀವು ಆ ಗೇಟಿನ ಮುಂದೆ ಕುರ್ಚಿ ಹಾಕ್ಕೊಂಡು ಭಾಷಣ ಮಾಡ್ಬೇಕು. ತಡೀಲಾರದೆ ಅವರೇ ತೆಗೀತಾರೆ."

"ಒಪ್ಪಿದೆ," ಎಂದ ಗಾಲಿಬ್. ಅಬು ಕುತೈಬಾ ಅವನ ಬೆನ್ನಿಗೆ ಗುದ್ದಿದ ಗುದ್ದಿಗೆ ತಲೆವಸ್ತ್ರ ಓರೆಯಾಯಿತು.

ಎಲ್ಲರೂ ಕೈಯೆತ್ತಿ ಪ್ರಾರ್ಥನೆ ಮುಗಿಸಿದ ಮೇಲೆ ಸಿಹಿ ಕುನಾಫಾದ ತಟ್ಟೆಗಳು ಬಂದವು. ಮುತ್ಲಕ್ ಇನ್ನೊಂದು ಬಟ್ಟಲು ಬಿಸಿ ಕಾಫಿ ತಂದು ಮುಂದಿಟ್ಟ. ಗಾಲಿಬ್ ಎರಡೂ ಕೈಗಳನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು ಕೂತ.

"ಕುಡೀರಿ ಅಬು ಸುಹೈಲ್," ಎಂದರು ಹಾಜಿ. "ಈ ಸಲ ನೀವು ಏನೂ ಕೇಳಿಲ್ಲ, ನಾನೂ ಏನೂ ಕೇಳಿಲ್ಲ."